ಕೈಗೂಸಿನೊಡನೆ ಕಡಲ ವಿಹಾರ

ಬಾಣಂತನ ಮುಗಿಸಿಕೊಂಡು ತವರಿನಿಂದ ಮರಳಿದ ಸೊಸೆ, ವರ್ಷವಿಡೀ ರಜೆಯನ್ನು ಕೂಡಿಟ್ಟುಕೊಂಡಿರುವ ಮಗ, ತೊಟ್ಟಿಲಿನಲ್ಲಿ ಏಳು ತಿಂಗಳ ಕೂಸು. ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ, ಭದ್ರಾವತಿಯ ನ್ಯೂಟೌನಿನಲ್ಲಾಗಲಿ ಇಂಥ ಸಂಸಾರಗಳಿಗೆ ಕೊರತೆಯಿಲ್ಲ. ರಜೆ ಬಂದಿತೆಂದರೆ ಜೋಗ, ಆಗುಂಬೆ, ಶೃಂಗೇರಿಗಳನ್ನು ಸುತ್ತಿ ಬರುತ್ತಿದ್ದ ಇಂಥವರ ಮನೆಗಳಲ್ಲಿ ಈಚೆಗೆ ಹಡಗಿನ ಮಾತು ಕೇಳಿಬರುತ್ತಿದೆ. ೨೦೨೧ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗು ಮುಂಬಯಿಯಿಂದ ವಿಹಾರಯಾತ್ರೆಗಳನ್ನು ಆರಂಭಿಸಿದಂದಿನಿಂದ, ಕಡಲ ಮೇಲೆ ನಾಲ್ಕು ದಿನ ಕಳೆಯಬೇಕೆನ್ನುವವರು ಪರದೇಶದ ವಿಮಾನ ಹತ್ತಬೇಕಾದ ಅಗತ್ಯ ತಪ್ಪಿತು. ಜಾಹೀರಾತಿನ ಚಿತ್ರದಲ್ಲಿ ಎಲ್ಲವೂ ಸೊಗಸಾಗಿಯೇ ಇರುತ್ತದೆ. ನೀಲಿಯ ಕಡಲು, ಬಿಳಿಯ ಹಡಗು, ತಾಯಿಯ ಸೊಂಟದ ಮೇಲೆ ನಗುವ ಮಗು.

ಮನೆಯ ಹಿರಿಯಾಕೆ ಮಾತ್ರ ಒಪ್ಪುವುದಿಲ್ಲ.

“ಅಲ್ಲ ಕಣಮ್ಮ, ಮಗುವಿಗೆ ಇನ್ನೂ ನೆತ್ತಿ ಬಲಿತಿಲ್ಲ. ಹೊಸ್ತಿಲು ದಾಟದ ಕೂಸನ್ನು ಕಡಲು ದಾಟಿಸ್ತೀರಾ?”

“ಹಡಗಿನಲ್ಲೇ ಡಾಕ್ಟರು ಇರ್ತಾರಂತೆ ಅತ್ತೆ.”

ಇಬ್ಬರ ಮಾತಿನಲ್ಲೂ ಹುರುಳಿದೆ. ಹಡಗಿನಲ್ಲಿ ವೈದ್ಯರು ಇರುವುದು ನಿಜ. ಆದರೆ ಅವರು ಎಂಥ ವೈದ್ಯರು, ಅವರ ಕೈಯಲ್ಲಿ ಏನೇನು ಸಾಧನಗಳಿವೆ, ಅವರ ಕೈಮೀರಿದರೆ ದಡ ಎಷ್ಟು ಗಂಟೆಗಳ ದೂರದಲ್ಲಿದೆ ಎಂಬುದನ್ನು ಜಾಹೀರಾತು ತಿಳಿಸುವುದಿಲ್ಲ. ಎಳೆಗೂಸಿನೊಡನೆ ಹಡಗು ಹತ್ತಬಹುದೇ ಬಾರದೇ ಎಂಬ ಪ್ರಶ್ನೆ ಬಹುಮಟ್ಟಿಗೆ ಈ ಗಂಟೆಗಳ ಲೆಕ್ಕದಲ್ಲಿಯೇ ಇತ್ಯರ್ಥವಾಗಬೇಕು.

ಕೂಸನ್ನು ಎತ್ತಿಕೊಂಡು ನೀರಿನ ಮೇಲೆ ಪಯಣಿಸುವುದು ಶಿವಮೊಗ್ಗ ಜಿಲ್ಲೆಗೆ ಹೊಸತೇನೂ ಅಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು ಶರಾವತಿ ಹಿಂದಕ್ಕೆ ತುಂಬಿ ನಿಂತಾಗ, ಸಾಗರ ತಾಲ್ಲೂಕಿನ ತುಮರಿಯೂ ಅದರ ಸುತ್ತಣ ಊರುಗಳೂ ನೀರಿನ ಆಚೆಗೆ ಉಳಿದುಹೋದುವು. ಶರಾವತಿಯ ವಿದ್ಯುತ್ತು ಭದ್ರಾವತಿಯ ಕುಲುಮೆಗಳಿಗೂ ಶಿವಮೊಗ್ಗದ ಬೀದಿದೀಪಗಳಿಗೂ ಹರಿದು ಬಂದಿತು. ತುಮರಿಯವರ ಪಾಲಿಗೆ ಬಂದದ್ದು ಹೊಳೆಬಾಗಿಲಿನ ಲಾಂಚು. ಬಸ್ಸನ್ನೂ ಕಾರುಗಳನ್ನೂ ಜನರನ್ನೂ ಒಟ್ಟಿಗೆ ಹೊತ್ತು ದಾಟಿಸುತ್ತಿದ್ದ ಈ ಲಾಂಚು, ಸಿಗಂದೂರಿಗೆ ಹೋಗುವ ಯಾತ್ರಿಕರಿಗೆ ಒಂದು ವಿನೋದ. ಕೂಸನ್ನು ಎತ್ತಿ ನೀರು ತೋರಿಸಿ, ಚಿತ್ರ ತೆಗೆಸಿಕೊಂಡು, ಅವರು ಸಂಜೆಯೊಳಗಾಗಿ ಮರಳಿಬಿಡುತ್ತಿದ್ದರು. ಆಚೆಯ ದಡದ ತಾಯಿಗೆ ಅದು ವಿನೋದವಾಗಿರಲಿಲ್ಲ. ಕತ್ತಲಾದ ಮೇಲೆ ಲಾಂಚಿನ ಓಡಾಟ ನಿಲ್ಲುತ್ತಿತ್ತು. ರಾತ್ರಿ ಮಗುವಿಗೆ ಜ್ವರವೇರಿದರೆ ಸಾಗರದ ಆಸ್ಪತ್ರೆಗೆ ಹೋಗಲು ಕಾಡಿನ ಸುತ್ತುದಾರಿಯನ್ನು ಹಿಡಿಯಬೇಕು, ಇಲ್ಲವೇ ಬೆಳಗಾಗುವವರೆಗೆ ಒದ್ದೆಬಟ್ಟೆಯಿಂದ ಮೈ ಒರೆಸುತ್ತ ಕಾಯಬೇಕು. ೨೦೨೫ರ ಜುಲೈ ೧೪ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಕೇಬಲ್ ಸೇತುವೆ ತೆರೆಯುವವರೆಗೆ, ಅಂದರೆ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ, ಹಿನ್ನೀರಿನ ಜನ ಹೀಗೆ ಬಾಳಿದರು. ಅದೇ ನೀರು, ಅದೇ ಲಾಂಚು; ಹಗಲಿನಲ್ಲಿ ದಾಟಿದವರಿಗೆ ಒಂದು ಬಗೆ, ರಾತ್ರಿ ದಾಟಲಾರದವರಿಗೆ ಇನ್ನೊಂದು ಬಗೆ.

ಭದ್ರಾವತಿಯಲ್ಲಿ ನಡುರಾತ್ರಿ ಮಗು ವಾಂತಿ ಮಾಡಿಕೊಂಡರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸುಮಾರು ೨೦ ಕಿಲೋಮೀಟರು. ಅರ್ಧ ಗಂಟೆಯ ದಾರಿ. ಹೀಗೆ ಬದುಕಿ ಅಭ್ಯಾಸವಾದವರು ಹಡಗು ಹತ್ತಿದಾಗ ತಾವು ತುಮರಿಯ ರಾತ್ರಿಯೊಳಕ್ಕೆ ಕಾಲಿಡುತ್ತಿದ್ದೇವೆಂಬುದನ್ನು ಮರೆಯುವುದು ಸಹಜ. ಹಡಗಿನ ಚಿಕಿತ್ಸಾಲಯದಲ್ಲಿ ವೈದ್ಯರು, ದಾದಿಯರು, ಸಾಮಾನ್ಯ ಔಷಧಿಗಳು, ಡ್ರಿಪ್ ಕೊಡುವ ಸೌಕರ್ಯ ಇವೆಲ್ಲ ಇರುತ್ತವೆ. ಆದರೆ ಅದು ವಯಸ್ಕರ ಜ್ವರ, ಗಾಯ, ಎದೆನೋವುಗಳನ್ನು ಮುಖ್ಯವಾಗಿ ಎದುರಿಸಲು ಏರ್ಪಟ್ಟದ್ದು. ಶಿಶುವೈದ್ಯರು ಇರುವುದು ಅಪರೂಪ. ರೋಗ ಕೈಮೀರಿದರೆ ಮುಂದಿನ ಬಂದರನ್ನು ಕಾಯಬೇಕು. ಅದೂ ಆಗದಿದ್ದರೆ ಹೆಲಿಕಾಪ್ಟರನ್ನೋ ಕಾವಲುಪಡೆಯ ದೋಣಿಯನ್ನೋ ಕರೆಯಬೇಕು.

ಹಡಗಿನ ಸಂಸ್ಥೆಗಳಿಗೆ ಇದು ಗೊತ್ತಿಲ್ಲದ್ದಲ್ಲ. ಬಹುಪಾಲು ವಿಹಾರನೌಕೆಗಳು ೬ ತಿಂಗಳು ತುಂಬದ ಶಿಶುವನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಮಹಾಸಾಗರವನ್ನು ದಾಟುವ, ಅಥವಾ ಸತತವಾಗಿ ಮೂರು ದಿನ ದಡ ಮುಟ್ಟದಿರುವ ಯಾತ್ರೆಗಳಾದರೆ ಹಲವು ಸಂಸ್ಥೆಗಳ ನಿಯಮ ೧೨ ತಿಂಗಳು. ಆರು ತಿಂಗಳೆಂಬ ಈ ಗಡಿ ನಮ್ಮ ಮನೆಗಳಿಗೆ ಅಪರಿಚಿತವೇನಲ್ಲ. ಅನ್ನಪ್ರಾಶನದ ತಿಂಗಳೂ ಅದೇ. ಅಲ್ಲಿಯವರೆಗೆ ತಾಯಿಯ ಹಾಲೊಂದೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಆರು ತಿಂಗಳು ಎಂಬುದು ಹಡಗಿನವರ ಲೆಕ್ಕ. ತಾಯಿ ಇಟ್ಟುಕೊಳ್ಳಬೇಕಾದ ಲೆಕ್ಕ ಇನ್ನೂ ಸ್ವಲ್ಪ ಮುಂದಿನದು. ನಮ್ಮ ದೇಶದ ಲಸಿಕೆಯ ಪಟ್ಟಿಯಲ್ಲಿ ದಡಾರಕ್ಕೆ ಮೊದಲ ಚುಚ್ಚುಮದ್ದು ೯ ತಿಂಗಳು ತುಂಬಿದ ಮೇಲೆ ಬರುತ್ತದೆ. ನೂರಾರು ಊರುಗಳಿಂದ ಬಂದ ಸಾವಿರ ಜನ ಒಂದೇ ಊಟದ ಮನೆಯಲ್ಲಿ ಕುಳಿತು, ಒಂದೇ ಲಿಫ್ಟಿನಲ್ಲಿ ಏರಿಳಿಯುವ ಕಡೆಗೆ ಈ ಚುಚ್ಚುಮದ್ದು ಆಗದ ಮಗುವನ್ನು ಕೊಂಡೊಯ್ಯುವ ತುರ್ತು ಯಾವ ಮನೆಗೂ ಇರಲಾರದು. ಒಂಬತ್ತು ತಿಂಗಳು ಕಳೆದು, ಚುಚ್ಚುಮದ್ದು ಆಗಿ ಎರಡು ವಾರ ಸಂದ ಮೇಲೆ ಹೊರಡುವುದು ಮೇಲು. ಇನ್ನೂ ತಡಮಾಡಿದರೆ ಮಗು ನಡೆಯಲು ಕಲಿತು, ಹಡಗಿನ ಕಟಾಂಜನಗಳನ್ನು ಹತ್ತತೊಡಗುತ್ತದೆ. ಆಗಿನ ತೊಂದರೆಗಳೇ ಬೇರೆ.

ಮೊದಲ ಸಲ ಹೋಗುವವರು ಯಾತ್ರೆಯನ್ನು ಆಯ್ದುಕೊಳ್ಳುವಾಗ ನೋಟದ ಸೊಬಗಿಗಿಂತ ದಡದ ಸಾಮೀಪ್ಯಕ್ಕೆ ಬೆಲೆ ಕೊಡಬೇಕು. ಮುಂಬಯಿಯಿಂದ ಗೋವಾಕ್ಕೆ ಒಂದು ರಾತ್ರಿಯ ಪಯಣ. ಕರಾವಳಿಯ ಉದ್ದಕ್ಕೂ ಸಾಗುವ ದಾರಿ. ಲಕ್ಷದ್ವೀಪದ ಯಾತ್ರೆಯಾದರೆ ಹೋಗುವಾಗಲೂ ಬರುವಾಗಲೂ ಒಂದೊಂದು ಇಡೀ ಹಗಲು ನೀರಲ್ಲದೆ ಬೇರೇನೂ ಕಾಣದು. ತಲುಪಿದ ಮೇಲೂ ತೊಡಕು ತೀರುವುದಿಲ್ಲ. ಹವಳದ ದಿಬ್ಬಗಳಿರುವುದರಿಂದ ದೊಡ್ಡ ಹಡಗು ದ್ವೀಪದ ದಡಕ್ಕೆ ಹೋಗಲಾರದು, ಹೊರಗೆ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಅಲೆ ಎತ್ತಿದಾಗ ದೋಣಿ ಮೇಲಕ್ಕೆ ಬರುತ್ತದೆ, ತಗ್ಗಿದಾಗ ಕೆಳಕ್ಕೆ ಹೋಗುತ್ತದೆ. ಆ ಕ್ಷಣ ನೋಡಿ ಹೆಜ್ಜೆ ಹಾಕಬೇಕು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಮಾಡಬೇಕಾದ ಸಾಹಸ ಇದಲ್ಲ.

ಕಾಲವನ್ನು ಆರಿಸುವುದೂ ಅಷ್ಟೇ ಮುಖ್ಯ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮ ಸಮುದ್ರದ ಅಬ್ಬರ ಮಲೆನಾಡಿನವರಿಗೆ ಹೇಳಿಕೊಡಬೇಕಾದುದಲ್ಲ. ಆಗುಂಬೆಯ ಮಳೆ ಅಲ್ಲಿಂದಲೇ ಏರಿ ಬರುವುದು. ಮೇ ತಿಂಗಳಿನಲ್ಲಿಯೂ, ಮಳೆಗಾಲದ ಬೆನ್ನಿಗೂ ಚಂಡಮಾರುತಗಳು ಏಳುವುದುಂಟು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಡಲು ಸಾಮಾನ್ಯವಾಗಿ ಶಾಂತ, ಬಿಸಿಲೂ ಹದವಾಗಿರುತ್ತದೆ.

ಇನ್ನು ಎಲ್ಲರೂ ಹೆದರುವ ಕಡಲಬೇನೆ. ಇಲ್ಲಿ ಸಮಾಧಾನದ ಸಂಗತಿಯೊಂದಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ಓಕರಿಕೆ ಬರುವುದು ವಿರಳ. ಹಡಗು ಓಲಾಡುತ್ತಿರುವಾಗ ಹಿರಿಯರೆಲ್ಲ ಹಾಸಿಗೆ ಹಿಡಿದಿದ್ದರೂ ಕೂಸು ಕಾಲು ಬಡಿಯುತ್ತ ಕೇಕೆ ಹಾಕುತ್ತಿರಬಹುದು. ಕಷ್ಟಕ್ಕೆ ಬರುವವಳು ತಾಯಿ. ತಾನೇ ತಲೆಯೆತ್ತಲಾರದೆ ಮಲಗಿದವಳು ಹಾಲೂಡಿಸುವುದು ಹೇಗೆ, ಬಟ್ಟೆ ಬದಲಿಸುವುದು ಹೇಗೆ? ಆದುದರಿಂದ ಕ್ಯಾಬಿನ್ನು ಗೊತ್ತುಮಾಡುವಾಗ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತುಗಳಲ್ಲಿ ಇರುವಂಥದನ್ನು ಕೇಳಿ ಪಡೆಯಬೇಕು. ತಿರುಗಣೆಯ ನಡುವೆ ಕುಳಿತವನಿಗೆ ತಿರುಗಾಟ ಕಡಿಮೆಯಾಗುವಂತೆ, ಹಡಗಿನ ನಡುವೆ ಓಲಾಟ ಕಡಿಮೆ. ಮೇಲಂತಸ್ತಿನ ಬಾಲ್ಕನಿಯ ಕ್ಯಾಬಿನ್ನಿಗೆ ಬೆಲೆಯೂ ಹೆಚ್ಚು, ತೂಗಾಟವೂ ಹೆಚ್ಚು, ಅಂಬೆಗಾಲಿಡುವ ಮಗುವಿನ ಮೇಲೆ ಕಣ್ಣಿಟ್ಟಿರಬೇಕಾದ ಆತಂಕವೂ ಹೆಚ್ಚು. ಓಕರಿಕೆಗೆ ಮಾತ್ರೆ ಬೇಕೆನಿಸಿದರೆ, ಮೊಲೆಯುಣಿಸುವ ತಾಯಿ ಊರಿನಲ್ಲಿಯೇ ತನ್ನ ವೈದ್ಯರನ್ನು ಕೇಳಿ ಬರೆಸಿಕೊಂಡು ಬರಬೇಕು.

ಮಗು ರಂಪ ಮಾಡದೆ ಮಲಗಲೆಂದು ನೆಗಡಿಯ ಸಿರಪ್ಪನ್ನು ಒಂದು ಚಮಚ ಕುಡಿಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ರೈಲಿನಲ್ಲಾಗಲಿ ಹಡಗಿನಲ್ಲಾಗಲಿ ಇದು ಕೂಡದು. ಇಂಥ ಔಷಧಿಗಳು ಎಳೆಯ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಲ್ಲವು. ನೆಗಡಿಗೆಂದು ಕೊಡುವ ಒಂದು ಬಗೆಯ ಮಿಶ್ರ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಸೀಸೆಯ ಮೇಲೆ ಅಚ್ಚುಹಾಕಬೇಕೆಂದು ಭಾರತದ ಔಷಧ ನಿಯಂತ್ರಕರೇ ೨೦೨೩ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ.

ನಿದ್ದೆಯ ವಿಷಯದಲ್ಲಿ ಸೀರೆಯ ಜೋಲಿಗೆ ಒಗ್ಗಿದ ಮಕ್ಕಳ ಪಾಡು ಸ್ವಲ್ಪ ಬೇರೆ. ಹಡಗಿನಲ್ಲಿ ಜೋಲಿ ಕಟ್ಟಲು ತೊಲೆಯೂ ಇಲ್ಲ, ಕೊಂಡಿಯೂ ಇಲ್ಲ. ಮೊದಲೇ ಬರೆದು ತಿಳಿಸಿದರೆ ಕಟಕಟೆಯಿರುವ ಪುಟ್ಟ ಮಂಚವನ್ನು ಕೊಡುತ್ತಾರೆ. ಹೊರಡುವ ಎರಡು ವಾರ ಮುಂಚಿನಿಂದಲೇ ಮನೆಯಲ್ಲಿ ಮಗುವನ್ನು ಸಮತಟ್ಟಾದ ಹಾಸಿಗೆಯ ಮೇಲೆ ಮಲಗಿಸಿ ರೂಢಿ ಮಾಡಿಸುವುದು ಒಳ್ಳೆಯದು. ಅಷ್ಟಾದ ಮೇಲೆ ಹಡಗು ತಾನಾಗಿಯೇ ತೂಗುತ್ತದೆ ಎಂಬುದು ತಂದೆತಾಯಿಗಳಿಗೆ ದೊರೆಯುವ ಅನಿರೀಕ್ಷಿತ ಲಾಭ.

ಆಹಾರದ ವಿಷಯ. ಹಡಗಿನ ಊಟದ ಮನೆಯಲ್ಲಿ ನೂರು ಬಗೆಯ ಭಕ್ಷ್ಯಗಳಿದ್ದರೂ ಒಂಬತ್ತು ತಿಂಗಳ ಮಗುವಿಗೆ ಬೇಕಾದ ರಾಗಿ ಸರಿ ಅಲ್ಲಿ ಸಿಗದು. ಬೆಂಕಿಯ ಭಯದಿಂದ ಕ್ಯಾಬಿನ್ನಿನಲ್ಲಿ ಒಲೆ ಹೊತ್ತಿಸಲು ಬಿಡುವುದಿಲ್ಲ. ಮನೆಯಿಂದ ಕೊಂಡೊಯ್ದ ವಿದ್ಯುತ್ ಕೆಟಲ್ಲನ್ನೂ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಒಲೆಯ ಮೇಲೆ ಬೇಯಿಸಬೇಕಾದ ಹಿಟ್ಟು ಅಲ್ಲಿ ಉಪಯೋಗಕ್ಕೆ ಬಾರದು. ಬಿಸಿನೀರು ಬೆರೆಸಿದೊಡನೆ ಸಿದ್ಧವಾಗುವ ಮಕ್ಕಳ ಆಹಾರ, ಒಂದು ಒಳ್ಳೆಯ ಫ್ಲಾಸ್ಕು, ಎರಡು ಚಮಚ, ಒಂದು ಬಟ್ಟಲು ಇವಿಷ್ಟಿದ್ದರೆ ಸಾಕು. ಕುದಿಸಿದ ನೀರನ್ನು ಅಡುಗೆಮನೆಯವರನ್ನು ಕೇಳಿದರೆ ಕೊಡುತ್ತಾರೆ. ಜೊತೆಗೆ ಮೆತ್ತನೆಯ ಅನ್ನ, ಬೇಳೆಯ ಕಟ್ಟು, ಬಾಳೆಹಣ್ಣು ಸಿಕ್ಕೇ ಸಿಗುತ್ತವೆ. ಕತ್ತರಿಸಿಟ್ಟ ಹಣ್ಣು, ಐಸು, ಹೊತ್ತು ಮೀರಿದ ಕೆನೆಯ ತಿಂಡಿಗಳು ಮಗುವಿನ ಬಾಯಿಗೆ ಹೋಗಬಾರದು.

ಹಡಗುಗಳಲ್ಲಿ ವಾಂತಿಭೇದಿಯನ್ನು ಹರಡುವ ನೊರೊವೈರಸ್ ಎಂಬ ರೋಗಾಣು ಬಹು ಕುಖ್ಯಾತ. ಬಾಗಿಲಿನಲ್ಲಿ ಕೈಗೆ ಸುರಿಯುವ ಸ್ಯಾನಿಟೈಸರಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಸಾಬೂನು ಹಚ್ಚಿ ನೀರಿನಲ್ಲಿ ಉಜ್ಜಿ ತೊಳೆಯುವುದೇ ಸರಿಯಾದ ಉಪಾಯ. ಮಗುವನ್ನು ಮುದ್ದಾಡಲು ಬರುವ ಅಪರಿಚಿತರು ಹಡಗಿನಲ್ಲಿ ಧಾರಾಳವಾಗಿ ಸಿಗುತ್ತಾರೆ. ನಗುನಗುತ್ತಲೇ ಅವರನ್ನು ದೂರವಿಡುವ ಕಲೆಯನ್ನು ತಾಯಿ ಕಲಿತಿರಬೇಕು.

ಓ.ಆರ್.ಎಸ್. ಪೊಟ್ಟಣಗಳು ಕೈಚೀಲದಲ್ಲಿ ಇರಲೇಬೇಕು. ವಾಂತಿಯೋ ಭೇದಿಯೋ ತೊಡಗಿದರೆ ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕರಗಿಸಿ ಚಮಚದಿಂದ ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಿರಬೇಕು. ತಾಯಿಯ ಹಾಲನ್ನು ನಿಲ್ಲಿಸಬಾರದು. ಇಲ್ಲಿ ಅಜ್ಜಿ ಹೇಳುವ ನೆತ್ತಿಯೇ ನೆರವಿಗೆ ಬರುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ನೆತ್ತಿಯ ಮೆತ್ತನೆಯ ಭಾಗ ಕುಳಿಬೀಳುತ್ತದೆ. ವೈದ್ಯರೂ ಮೊದಲು ಮುಟ್ಟಿನೋಡುವುದು ಅಲ್ಲಿಯೇ. ನೆತ್ತಿ ಕುಳಿಬಿದ್ದು, ಅಳುವಾಗ ಕಣ್ಣೀರು ಬಾರದೆ, ಆರು ಗಂಟೆಗಳಿಂದ ಬಟ್ಟೆ ಒದ್ದೆಯಾಗದೆ ಇದ್ದರೆ ಆಗ ಕ್ಯಾಬಿನ್ನಿನಲ್ಲಿ ಕುಳಿತು ನೋಡೋಣವೆನ್ನುವಂತಿಲ್ಲ. ಚಿಕಿತ್ಸಾಲಯಕ್ಕೆ ಧಾವಿಸಬೇಕು. ಜ್ವರದ ಔಷಧಿಯ ಪ್ರಮಾಣವನ್ನು ಮಗುವಿನ ತೂಕಕ್ಕೆ ತಕ್ಕಂತೆ ಊರಿನ ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿಟ್ಟುಕೊಂಡಿದ್ದರೆ, ಓಲಾಡುವ ದೀಪದ ಕೆಳಗೆ ಲೆಕ್ಕಹಾಕುವ ಕಷ್ಟ ತಪ್ಪುತ್ತದೆ.

ಹಡಗಿನ ಈಜುಕೊಳದ ಆಸೆಯನ್ನು ಊರಿನಲ್ಲಿಯೇ ಬಿಟ್ಟು ಹೊರಡುವುದು ಲೇಸು. ಮಲಮೂತ್ರದ ಹಿಡಿತ ಬಾರದ ಮಕ್ಕಳನ್ನು, ಡಯಪರ್ ತೊಡಿಸಿದ್ದರೂ ಸಹ, ಬಹುಪಾಲು ಹಡಗುಗಳು ಕೊಳಕ್ಕೆ ಇಳಿಸಗೊಡುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಆಟದ ಕೋಣೆಯೂ ಸಾಮಾನ್ಯವಾಗಿ ಮೂರು ವರ್ಷ ತುಂಬಿದವರಿಗೇ ಮೀಸಲು.

ಸುರಕ್ಷತೆಯ ಮಾತನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಏಕೆಂದರೆ ಪ್ರಯಾಣಿಕರು ಹೆಚ್ಚಾಗಿ ಉದಾಸೀನ ಮಾಡುವುದು ಇದನ್ನೇ. ೧೯೧೨ರಲ್ಲಿ ‘ಟೈಟಾನಿಕ್’ ಮುಳುಗಿದ ಮೇಲೆ ರಾಷ್ಟ್ರಗಳು ಕೂಡಿ ಮಾಡಿಕೊಂಡ ಒಪ್ಪಂದ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತ ಬಂದಿದೆ. ಅದರಂತೆ ೨೪ ಗಂಟೆಗಳಿಗೆ ಕಡಿಮೆಯಿಲ್ಲದ ಅಂತರರಾಷ್ಟ್ರೀಯ ಯಾತ್ರೆಯ ಹಡಗಿನಲ್ಲಿ, ಇರುವ ಪ್ರತಿಯೊಂದು ಶಿಶುವಿಗೂ ಶಿಶುವಿನ ಅಳತೆಯದೇ ಆದ ಲೈಫ್ ಜಾಕೆಟ್ಟು ಇರಬೇಕು. ನಮ್ಮ ಕರಾವಳಿಯ ಯಾತ್ರೆಯಲ್ಲಿಯೂ ಅದನ್ನೇ ಕೇಳಿ ಪಡೆಯಬೇಕು. ಕ್ಯಾಬಿನ್ನಿನ ಕಪಾಟಿನಲ್ಲಿ ಕಾಣುವುದು ಹಿರಿಯರ ಜಾಕೆಟ್ಟು. ಅದನ್ನು ಕೂಸಿಗೆ ತೊಡಿಸಿದರೆ ಕೂಸು ಅದರೊಳಗಿನಿಂದ ಜಾರಿಹೋಗುತ್ತದೆ. ಹತ್ತಿದ ಗಳಿಗೆಯಲ್ಲಿಯೇ ಮಗುವಿನದನ್ನು ತರಿಸಿ, ಒಮ್ಮೆ ತೊಡಿಸಿ, ಪಟ್ಟಿಗಳನ್ನು ಬಿಗಿದು ನೋಡಬೇಕು. ಮಗು ಅಳುತ್ತದೆ, ಅಳಲಿ.

ಹಡಗು ಹೊರಡುವ ಮುಂಚೆ ಪ್ರಯಾಣಿಕರನ್ನೆಲ್ಲ ಒಂದೆಡೆ ಸೇರಿಸಿ ಅಪಾಯದ ಗಂಟೆ ಬಾರಿಸಿದಾಗ ಎಲ್ಲಿಗೆ ಬರಬೇಕೆಂದು ತೋರಿಸಿಕೊಡುವ ಪದ್ಧತಿಯಿದೆ. ಮಗು ಮಲಗಿದೆಯೆಂಬ ನೆಪದಿಂದ ತಾಯಿ ಕ್ಯಾಬಿನ್ನಿನಲ್ಲಿಯೇ ಉಳಿದುಬಿಡುವುದುಂಟು. ೨೦೧೨ರ ಜನವರಿ ೧೩ರ ರಾತ್ರಿ ಇಟಲಿಯ ಕರಾವಳಿಯಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ತಗುಲಿ ಮಗುಚಿ ೩೨ ಜನ ಸತ್ತರು. ಅಂದು ಸಂಜೆ ಹೊಸದಾಗಿ ಹತ್ತಿದ ನೂರಾರು ಜನರಿಗೆ ಇನ್ನೂ ಈ ತಾಲೀಮು ಆಗಿರಲಿಲ್ಲ. ಆ ಬಳಿಕ ಹಡಗು ಬಿಡುವ ಮೊದಲೇ ಅಥವಾ ಬಿಟ್ಟ ಕೂಡಲೇ ತಾಲೀಮು ಮುಗಿಯಬೇಕೆಂಬ ನಿಯಮ ಬಂದಿತು. ಗಂಡ ಹೆಂಡತಿ ಇಬ್ಬರೂ ಹೋಗಬೇಕು; ಮಗುವನ್ನು ಎತ್ತಿಕೊಳ್ಳುವವರು ಯಾರು, ಚೀಲ ಹಿಡಿಯುವವರು ಯಾರು ಎಂಬುದನ್ನು ಅಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಚೀಲವನ್ನು ಬಿಟ್ಟುಬಿಡುವುದೇ ಸರಿಯಾದ ಉತ್ತರ. ಜೀವರಕ್ಷಕ ದೋಣಿಯ ಲೆಕ್ಕದಲ್ಲಿ ಕೂಸೂ ಒಂದು ತಲೆ. ಅದರ ಹೆಸರು ಟಿಕೆಟ್ಟಿನಲ್ಲಿ ಇರಲೇಬೇಕು. ಜನನ ಪ್ರಮಾಣಪತ್ರವನ್ನು ಜೊತೆಗಿಟ್ಟುಕೊಳ್ಳಬೇಕು. ಹಡಗು ಪರದೇಶದ ಬಂದರನ್ನು ಮುಟ್ಟುವುದಾದರೆ ಕೂಸಿಗೆ ತನ್ನದೇ ಪಾಸ್‌ಪೋರ್ಟು ಬೇಕು.

ಹಡಗಿನ ದಿನಗಳನ್ನಷ್ಟೇ ಎಣಿಸಿ ಹೊರಡುವವರು ಹಡಗನ್ನು ತಲುಪುವ ಪ್ರಯಾಸವನ್ನು ಮರೆಯುತ್ತಾರೆ. ಶಿವಮೊಗ್ಗದಿಂದಾಗಲಿ ಭದ್ರಾವತಿಯಿಂದಾಗಲಿ ಮುಂಬಯಿಗೆ ಬೀರೂರು ಹುಬ್ಬಳ್ಳಿಗಳ ಮೇಲೆ ರೈಲಿನಲ್ಲಿ ಹೋಗುವುದೆಂದರೆ ಗಾಡಿ ಬದಲಾಯಿಸುತ್ತ ಒಂದು ಹಗಲು ಒಂದು ರಾತ್ರಿಯ ಲೆಕ್ಕ ಇಟ್ಟುಕೊಳ್ಳಬೇಕು. ೨೦೨೩ರಲ್ಲಿ ಸೋಗಾನೆಯ ವಿಮಾನನಿಲ್ದಾಣ ತೆರೆದ ಮೇಲೆ ದಾರಿ ಕೆಲವರಿಗೆ ಹಗುರವಾಗಿದೆ. ಯಾವ ದಾರಿಯಾದರೂ ಮುಂಬಯಿಯಲ್ಲಿ ಒಂದು ದಿನ ತಂಗಿ, ಮಗು ನಿದ್ದೆ ಮಾಡಿ, ಹೊಟ್ಟೆ ನೆಟ್ಟಗಿರುವುದನ್ನು ನೋಡಿಕೊಂಡು ಹತ್ತುವುದು ಉತ್ತಮ. ಆ ದಿನ ಮಗುವಿಗೆ ಮೈ ಬಿಸಿಯಿದ್ದರೆ ಹಣ ಹೋದರೂ ಚಿಂತೆಯಿಲ್ಲವೆಂದು ಯಾತ್ರೆಯನ್ನು ಬಿಡುವ ಗಟ್ಟಿತನ ತಂದೆಗೆ ಇರಬೇಕು. ಹಾಗೆ ಬಿಟ್ಟರೆ ಎಷ್ಟು ಹಣ ಮರಳುತ್ತದೆಂಬುದನ್ನು ಟಿಕೆಟ್ಟು ಕೊಳ್ಳುವಾಗಲೇ ಕೇಳಿಟ್ಟುಕೊಂಡಿದ್ದರೆ ಈ ಗಟ್ಟಿತನ ತಾನಾಗಿ ಒದಗುತ್ತದೆ.

ಈ ವಿಹಾರ ಯಾರಿಗಾಗಿ ಎಂಬುದನ್ನೂ ದಂಪತಿಗಳು ಬಾಯಿಬಿಟ್ಟು ಮಾತಾಡಿಕೊಳ್ಳುವುದು ಒಳಿತು. ಒಂಬತ್ತು ತಿಂಗಳ ಕೂಸಿಗೆ ಕಡಲೂ ಒಂದೇ, ಅಂಗಳದ ತೊಟ್ಟಿಯೂ ಒಂದೇ; ಅದಕ್ಕೆ ಏನೂ ನೆನಪುಳಿಯದು. ವರ್ಷವೆಲ್ಲ ಒಂದು ರಾತ್ರಿಯೂ ಇಡೀ ನಿದ್ದೆ ಕಾಣದ ತಾಯಿಗೆ ನಾಲ್ಕು ದಿನ ಅಡುಗೆಮನೆಯ ಹೊಗೆಯಿಂದ ಬಿಡುವು ಸಿಗಲೆಂಬುದೇ ಇದರ ತಿರುಳು. ಆದರೆ ನಡೆಯುವುದೇನು? ಗಂಡ ಡೆಕ್ಕಿನ ಮೇಲೆ ಗಾಳಿಗೆ ನಿಂತಿರುತ್ತಾನೆ, ರಾತ್ರಿಯ ಸಂಗೀತಕ್ಕೆ ಹೋಗುತ್ತಾನೆ. ಹೆಂಡತಿ ನಾಲ್ಕು ದಿನವೂ ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ಮಗುವನ್ನು ತಟ್ಟುತ್ತ ಕುಳಿತಿರುತ್ತಾಳೆ. ಮನೆಯಲ್ಲಾದರೆ ಅತ್ತೆಯೋ ನಾದಿನಿಯೋ ಒಂದು ಗಳಿಗೆ ಎತ್ತಿಕೊಳ್ಳುತ್ತಿದ್ದರು. ಇಲ್ಲಿ ಅದೂ ಇಲ್ಲ. ಹೊರಡುವ ಮುಂಚೆಯೇ ಸರದಿಯನ್ನು ಗೊತ್ತುಮಾಡಿಕೊಳ್ಳಬೇಕು. ಬೆಳಗಿನ ಎರಡು ಗಂಟೆ, ಊಟದ ಒಂದು ಗಂಟೆ, ಸಂಜೆಯ ಎರಡು ಗಂಟೆ ಮಗು ತಂದೆಯದು. ಅದಕ್ಕೆ ಒಪ್ಪದ ಗಂಡಸು ಹಡಗಿನ ಹಣವನ್ನು ಉಳಿಸಿ ಮನೆಗೆ ನಾಲ್ಕು ತಿಂಗಳು ಕೆಲಸದವಳನ್ನು ಇಟ್ಟುಕೊಡುವುದು ನ್ಯಾಯ.

ಹಡಗಿನ ಟಿಕೆಟ್ಟಿಗೆ ಹಣ ಕಟ್ಟುವ ಮೊದಲು ಒಂದು ದಿನದ ಪರೀಕ್ಷೆಯನ್ನು ಊರ ಬಳಿಯಲ್ಲಿಯೇ ಮಾಡಬಹುದು. ಭದ್ರಾವತಿಗೆ ಹತ್ತಿರದ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಹಿನ್ನೀರಿದೆ. ದಡದ ಮೇಲೆ ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ವಸತಿಗೃಹವೂ, ಅಲ್ಲಿ ತಂಗುವವರಿಗೆ ದೋಣಿವಿಹಾರವೂ ಉಂಟು. ಒಂದು ರಾತ್ರಿ ಅಲ್ಲಿ ತಂಗಿದರೆ ಬಹಳಷ್ಟು ಸಂಗತಿಗಳು ತಿಳಿದುಬರುತ್ತವೆ. ಹೊಸ ಹಾಸಿಗೆಯಲ್ಲಿ ಮಗು ನಿದ್ದೆ ಮಾಡುವುದೇ, ಫ್ಲಾಸ್ಕಿನ ನೀರಿನಲ್ಲಿ ಕಲಸಿದ್ದನ್ನು ತಿನ್ನುವುದೇ, ಜಾಕೆಟ್ಟು ತೊಡಿಸಿದಾಗ ಎಷ್ಟು ಹೊತ್ತು ಅಳುವುದು, ತಾಯಿಗೆ ದೋಣಿಯ ಓಲಾಟ ಹಿಡಿಸುವುದೇ, ತಂದೆ ತನ್ನ ಸರದಿಯನ್ನು ನೆನಪಿಡುವನೇ. ಮೋಟಾರು ದೋಣಿಗೆ ಮಗುವಿನ ಅಳತೆಯ ಜಾಕೆಟ್ಟು ಅಲ್ಲಿ ಇಲ್ಲದಿದ್ದರೆ ತಾಯಿ ಮಗು ದಡದಲ್ಲಿಯೇ ಕುಳಿತು ನೀರು ನೋಡಲಿ. ಉಳಿದ ಪರೀಕ್ಷೆಗೆ ಅದರಿಂದ ಕುಂದಿಲ್ಲ. ಮರುದಿನ ಮನೆಗೆ ಬಂದು ಚೀಲ ಬಿಚ್ಚುವಾಗ ಯಾವ ಸಾಮಾನು ಸಾಲದೆ ಹೋಯಿತು, ಯಾವುದನ್ನು ಮುಟ್ಟಲೇ ಇಲ್ಲ ಎಂದು ಒಂದು ಕಾಗದದ ಮೇಲೆ ಬರೆದಿಟ್ಟರೆ, ಹಡಗಿನ ಚೀಲದ ಪಟ್ಟಿ ಅರ್ಧ ಸಿದ್ಧವಾದಂತೆಯೇ.